ಪಾಠ ಸೋತಿತೋ, ಕೋಣೆ ಸೋತಿತೋ? – ಮುಚ್ಚಿದ ತರಗತಿಯ ಗಾಳಿ ಮತ್ತು ನಮ್ಮ ಆಯಾಸ

ಬೋಧನಾಭ್ಯಾಸದ ಮೂರನೆಯ ವಾರ. ಅರಸೀಕೆರೆಯ ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಗೆ ‘ಜೀವಕ್ರಿಯೆಗಳು’ ಅಧ್ಯಾಯದ ಉಸಿರಾಟದ ಭಾಗ ನನ್ನ ಪಾಲಿಗೆ ಬಂದಿತ್ತು. ಪಾಠಯೋಜನೆ ಎರಡು ಸಲ ತಿದ್ದಿಸಿಕೊಂಡಿದ್ದೆ. ಚಿತ್ರಗಳು, ವಿಡಿಯೋ ಎಲ್ಲ ಸಿದ್ಧವಾಗಿದ್ದವು. ಊಟದ ನಂತರದ ಮೊದಲ ಅವಧಿಗೆ 46 ಮಕ್ಕಳನ್ನು ಸ್ಮಾರ್ಟ್ ಕ್ಲಾಸ್ ಕೋಣೆಗೆ ಕರೆದುಕೊಂಡು ಹೋದೆ. ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಮಕ್ಕಳು ಆಕಳಿಸತೊಡಗಿದರು. ಹಿಂದಿನ ಮೂಲೆಯ ಹುಡುಗನೊಬ್ಬ ಡೆಸ್ಕಿನ ಮೇಲೆ ತಲೆಯಿಟ್ಟೇಬಿಟ್ಟ. ಅವನನ್ನು ಎಬ್ಬಿಸಿ ನಿಲ್ಲಿಸಿದೆ. ಅವಧಿ ಮುಗಿಯುವ ಹೊತ್ತಿಗೆ ನನಗೇ ಹಣೆ ಸಿಡಿಯುತ್ತಿತ್ತು, ಗಂಟಲು ಒಣಗಿತ್ತು.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಹೀಗೆ: ವಿಷಯಜ್ಞಾನ ಚೆನ್ನಾಗಿದೆ, ಮಕ್ಕಳ ಅವಧಾನ ಉಳಿಸಿಕೊಳ್ಳಲು ಆಗಿಲ್ಲ, ತರಗತಿ ನಿರ್ವಹಣೆ ಸುಧಾರಿಸಬೇಕು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅವರು ಕಂಡದ್ದನ್ನೇ ಬರೆದಿದ್ದರು. ನನ್ನ ತಲೆನೋವನ್ನು ನಾನು ಭಯದ ಲೆಕ್ಕಕ್ಕೆ ಹಾಕಿಕೊಂಡು ಸುಮ್ಮನಾದೆ.

ಎರಡು ದಿನದ ಮೇಲೆ ಅದೇ ಮಕ್ಕಳಿಗೆ, ಅದೇ ಅವಧಿಯಲ್ಲಿ, ಹೊಂಗೆಮರದ ಪಕ್ಕದ ಅವರ ಮಾಮೂಲಿ ತರಗತಿಯಲ್ಲಿ ಮುಂದಿನ ಭಾಗ ಮಾಡಿದೆ. ಅಲ್ಲಿ ಪ್ರೊಜೆಕ್ಟರ್ ಇರಲಿಲ್ಲ, ಕಪ್ಪುಹಲಗೆ ಮಾತ್ರ. ಮಕ್ಕಳು ಎಚ್ಚರವಾಗಿದ್ದರು, ಪ್ರಶ್ನೆ ಕೇಳಿದರು. ನನಗೆ ತಲೆನೋವೂ ಬರಲಿಲ್ಲ. ಹೊರಗೆ ಬರುವಾಗ ಮುಂದಿನ ಬೆಂಚಿನ ಹುಡುಗಿ ಹೇಳಿದಳು: “ಮಿಸ್, ಆ ಟಿ.ವಿ. ರೂಮಿಗೆ ಹೋದ್ರೇನೇ ನಿದ್ದೆ ಬರುತ್ತೆ. ಯಾವ ಪೀರಿಯಡ್ ಆದ್ರೂ ಅಷ್ಟೇ.”

ಆ ಮಾತು ಹಿಡಿದುಕೊಂಡು ಓದಿದ್ದನ್ನೂ ಶಾಲೆಯಲ್ಲಿ ಮಾಡಿ ನೋಡಿದ್ದನ್ನೂ ಇಲ್ಲಿ ಬರೆದಿದ್ದೇನೆ. ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ ತರಗತಿಯೇ ಕೆಲಸದ ಜಾಗ. ಅದು ನಮ್ಮನ್ನೂ ಮಕ್ಕಳನ್ನೂ ಹೇಗೆ ಆಯಾಸಗೊಳಿಸುತ್ತದೆ ಎಂಬುದು ನಮಗೆ ತಿಳಿದಿರಬೇಕು.

ಕಟ್ಟಡಕ್ಕೆ ಸಂಬಂಧಿಸಿದ ಅಸ್ವಸ್ಥತೆ ಎಂದರೇನು?

ಒಂದು ಕಟ್ಟಡದೊಳಗೆ ಇದ್ದಷ್ಟು ಹೊತ್ತು ಹಲವರಿಗೆ ತಲೆನೋವು, ಕಣ್ಣುರಿ, ಗಂಟಲು ಒಣಗುವುದು, ಮೂಗು ಕಟ್ಟುವುದು, ಮಂಕು, ಏಕಾಗ್ರತೆ ಇಲ್ಲದಿರುವುದು ಇಂಥ ತೊಂದರೆಗಳು ಕಾಣಿಸಿ, ಹೊರಗೆ ಬಂದ ಮೇಲೆ ಕಡಿಮೆಯಾದರೆ ಅದನ್ನು ‘ಸಿಕ್ ಬಿಲ್ಡಿಂಗ್ ಸಿಂಡ್ರೋಮ್’ ಎನ್ನುತ್ತಾರೆ. ಇಲ್ಲಿ ಕಾಯಿಲೆ ಬಿದ್ದಿರುವುದು ಕಟ್ಟಡ ಎಂಬ ಅರ್ಥದ ಹೆಸರು. ವಿಶ್ವ ಆರೋಗ್ಯ ಸಂಸ್ಥೆ 1983ರಲ್ಲಿ ಪ್ರಕಟಿಸಿದ ವರದಿಯಿಂದ ಈ ವಿಷಯ ಜಗತ್ತಿನ ಗಮನಕ್ಕೆ ಬಂತು.

ಇದಕ್ಕೆ ರಕ್ತ ಪರೀಕ್ಷೆ ಇಲ್ಲ. ಮೂರು ಗುರುತುಗಳಿವೆ: ತೊಂದರೆ ಒಬ್ಬರಿಗಲ್ಲ, ಹಲವರಿಗೆ, ಅದೇ ಜಾಗದಲ್ಲಿ, ಜಾಗ ಬಿಟ್ಟರೆ ಕಡಿಮೆ. ಮೂರನೆಯ ಗುರುತು ಬಹಳ ಮುಖ್ಯ.

ಇದರಿಂದ ಬೇರೆಯಾಗಿ ನೋಡಬೇಕಾದ ಇನ್ನೊಂದು ಗುಂಪಿದೆ. 1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶ ನಡೆದ ಮೇಲೆ ಹಲವರು ನ್ಯುಮೋನಿಯಾದಿಂದ ಸತ್ತರು. ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಅದಕ್ಕೆ ಕಾರಣವೆಂದು ಮರುವರ್ಷ ಗೊತ್ತಾಯಿತು. ಅದು ಹವಾನಿಯಂತ್ರಣ ವ್ಯವಸ್ಥೆಯ ಮೂಲಕ ಹರಡಿತ್ತೆಂದು ನಂಬಲಾಗಿದೆ. ಅಲ್ಲಿ ರೋಗಾಣು ಗೊತ್ತು, ರೋಗ ಗೊತ್ತು, ಹೊರಗೆ ಬಂದರೂ ಅದು ಬಿಡುವುದಿಲ್ಲ. ನಮ್ಮ ತರಗತಿಯ ಮಂಕು ಅಂಥದ್ದಲ್ಲ. ಆದರೆ ದಿನವೂ ಇರುವಂಥದ್ದು.

ಇದು ಎಲ್ಲಿಂದ ಬಂತು?

1973ರ ತೈಲ ಬಿಕ್ಕಟ್ಟಿನ ನಂತರ ಪಶ್ಚಿಮದ ದೇಶಗಳು ಇಂಧನ ಉಳಿಸಲು ಕಟ್ಟಡಗಳನ್ನು ಬಿಗಿಯಾಗಿ ಮುಚ್ಚಿದವು. ಹೊರಗಿನ ಗಾಳಿ ಒಳಗೆ ಬಂದಷ್ಟೂ ಅದನ್ನು ಬಿಸಿ ಮಾಡುವ ಅಥವಾ ತಂಪು ಮಾಡುವ ಖರ್ಚು ಹೆಚ್ಚು. ಅಮೆರಿಕದ ಎಂಜಿನಿಯರುಗಳ ಮಾನದಂಡವು ಒಬ್ಬ ಮನುಷ್ಯನಿಗೆ ಬೇಕಾದ ಹೊರಗಾಳಿಯನ್ನು ಸೆಕೆಂಡಿಗೆ ಸುಮಾರು ಎರಡೂವರೆ ಲೀಟರಿಗೆ ಇಳಿಸಿತು. ಕಚೇರಿಗಳಲ್ಲಿ ದೂರುಗಳು ಹೆಚ್ಚಾದವು. 1989ರಲ್ಲಿ ಅದೇ ಮಾನದಂಡವನ್ನು ಮೂರುಪಟ್ಟು, ಅಂದರೆ ಸುಮಾರು ಏಳೂವರೆ ಲೀಟರಿಗೆ ಏರಿಸಬೇಕಾಯಿತು.

ಅರಸೀಕೆರೆಗೂ ಇದಕ್ಕೂ ಏನು ಸಂಬಂಧ? ನಮ್ಮದು ಒಣಹವೆಯ, ಗಾಳಿಯ ಊರು. ಇಲ್ಲಿಯ ಹಳೆಯ ಮನೆಗಳಲ್ಲಿ ಗವಾಕ್ಷಿ, ಬೆಳಕಿಂಡಿ, ಹೊಗೆಗೂಡು ಇದ್ದವು. ತೊಟ್ಟಿಮನೆಯ ನಡುವೆ ಆಕಾಶವೇ ಕಾಣುತ್ತಿತ್ತು. ಮಂಗಳೂರು ಹೆಂಚಿನ ಹಳೆಯ ಶಾಲೆಗಳಲ್ಲಿ ಕಿಟಕಿ ಮುಚ್ಚಿದರೂ ಹೆಂಚಿನ ಸಂದಿನಿಂದ ಬಿಸಿಗಾಳಿ ಮೇಲಕ್ಕೆ ಹೋಗುತ್ತಿತ್ತು. ಬೇಲೂರಿನ ಚೆನ್ನಕೇಶವ ದೇವಾಲಯದ ಜಾಲಂಧ್ರಗಳನ್ನು ನಾವೆಲ್ಲ ಶಿಲ್ಪವೆಂದು ನೋಡಿ ಬರುತ್ತೇವೆ. ಗೋಡೆಯಂತೆ ಮರೆಯಾಗಿ ನಿಂತು ಬೆಳಕನ್ನೂ ಗಾಳಿಯನ್ನೂ ಒಳಗೆ ಬಿಡುವ ಉಪಾಯವೂ ಅದೇ.

ಆರ್‌ಸಿಸಿ ಚಾವಣಿಯ ಕೋಣೆಗೆ ಇಂಥ ಸಂದಿಲ್ಲ. ಅಲ್ಲಿ ಗಾಳಿಗೆ ಇರುವ ದಾರಿ ಕಿಟಕಿ ಬಾಗಿಲು ಮಾತ್ರ. ನಮ್ಮ ಸ್ಮಾರ್ಟ್ ಕ್ಲಾಸಿನಲ್ಲಿ ಅವೂ ಮುಚ್ಚಿದ್ದವು. ಯಾಕೆ ಎಂದು ವಿಚಾರಿಸಿದಾಗ ಒಂದೊಂದಕ್ಕೂ ನ್ಯಾಯವಾದ ಕಾರಣವೇ ಸಿಕ್ಕಿತು. ಬೆಳಕು ಬಿದ್ದರೆ ತೆರೆಯ ಮೇಲೆ ಚಿತ್ರ ಕಾಣುವುದಿಲ್ಲ, ಆದ್ದರಿಂದ ದಪ್ಪ ಕರ್ಟನ್. ರಸ್ತೆ ಕಡೆಯಿಂದ ಧೂಳು ಬರುತ್ತದೆ. ಕಂಪ್ಯೂಟರ್ ಇರುವುದರಿಂದ ಕಳ್ಳರ ಭಯ. ಎಲ್ಲಕ್ಕಿಂತ ದೊಡ್ಡ ಕಾರಣ ಕೋತಿಗಳು! ಒಮ್ಮೆ ಒಳಗೆ ಬಂದು ವೈರು ಕಿತ್ತಿದ್ದವಂತೆ. ಅಂದಿನಿಂದ ಕಿಟಕಿಯ ಚಿಲಕಕ್ಕೆ ಹಗ್ಗ ಬಿಗಿದಿದ್ದರು. ಪಶ್ಚಿಮದವರು ಎಣ್ಣೆಯ ಖರ್ಚಿಗೆ ಕಿಟಕಿ ಮುಚ್ಚಿದರು, ನಾವು ಕೋತಿಗೆ ಮುಚ್ಚಿದೆವು. ಒಳಗಿದ್ದವರ ಪಾಡು ಒಂದೇ.

ಒಂದು ಲೆಕ್ಕ ಮಾಡೋಣ

ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ದಶಲಕ್ಷಕ್ಕೆ ಸುಮಾರು 420 ಭಾಗ. ನಾವು ಹೊರಬಿಡುವ ಉಸಿರಿನಲ್ಲಿ ಅದು ಸುಮಾರು ಶೇಕಡ 4, ಅಂದರೆ ನೂರು ಪಟ್ಟು. ಕುಳಿತು ಪಾಠ ಕೇಳುವ ಹದಿನೈದರ ವಯಸ್ಸಿನ ಒಂದು ಮಗು ಗಂಟೆಗೆ ಸರಿಸುಮಾರು 15 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬಿಡುತ್ತದೆ ಎಂದುಕೊಳ್ಳೋಣ.

ಕೋಣೆ 6 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರ: 108 ಘನ ಮೀಟರ್, ಅಂದರೆ 1,08,000 ಲೀಟರ್.
46 ಮಕ್ಕಳು, ಗಂಟೆಗೆ 15 ಲೀಟರಿನಂತೆ: 690 ಲೀಟರ್.
40 ನಿಮಿಷದ ಒಂದು ಅವಧಿಗೆ: 460 ಲೀಟರ್.
460ನ್ನು 1,08,000ದಿಂದ ಭಾಗಿಸಿದರೆ ದಶಲಕ್ಷಕ್ಕೆ ಸುಮಾರು 4,260 ಭಾಗ.

ಮೊದಲೇ ಇದ್ದ 420 ಸೇರಿಸಿದರೆ 4,600 ದಾಟುತ್ತದೆ. ಬಾಗಿಲ ಸಂದಿಯಿಂದ ಸ್ವಲ್ಪ ಗಾಳಿ ಆಡುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಕಡಿಮೆ ಇರಬಹುದು. ಹಿಂದಿನ ಅವಧಿಯಲ್ಲೂ ಅಲ್ಲಿ ಮಕ್ಕಳು ಕುಳಿತಿದ್ದರೆ ಹೆಚ್ಚೂ ಇರಬಹುದು.

ಈ ಸಂಖ್ಯೆಯ ಅರ್ಥವೇನು? ಜರ್ಮನಿಯ ಮ್ಯೂನಿಕ್ ನಗರದ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಜನ ವಾಸಿಸುವ ಕೋಣೆಗೆ ದಶಲಕ್ಷಕ್ಕೆ 1,000 ಭಾಗದ ಮಿತಿ ಸೂಚಿಸಿದ್ದರು. ಅವರ ಮಾತಿನ ಸೂಕ್ಷ್ಮವನ್ನು ಮಕ್ಕಳಿಗೂ ಹೇಳಬೇಕು. ಈ ಪ್ರಮಾಣದಲ್ಲಿ ಕಾರ್ಬನ್ ಡೈಆಕ್ಸೈಡ್ ವಿಷವಲ್ಲ, ಸೂಚಕ. ಅದು ಏರಿದೆ ಎಂದರೆ ಮೈವಾಸನೆ, ತೇವ, ಬಿಸಿ, ಕೆಮ್ಮಿದವರ ಉಸಿರಿನ ಹನಿಗಳು ಎಲ್ಲವೂ ಒಳಗೇ ಉಳಿದಿವೆ ಎಂದರ್ಥ. “ಆಮ್ಲಜನಕ ಮುಗಿದುಹೋಯಿತು” ಎಂದು ನಾವು ಸಾಮಾನ್ಯವಾಗಿ ಹೇಳುವುದು ತಪ್ಪು. ಶೇಕಡ 21ರಷ್ಟಿರುವ ಆಮ್ಲಜನಕ ಇಂಥ ಕೋಣೆಯಲ್ಲಿ ಅರ್ಧ ಶೇಕಡದಷ್ಟು ಇಳಿಯುತ್ತದೆ, ಅಷ್ಟೇ.

ಹಾಗಾದರೆ ಕಾರ್ಬನ್ ಡೈಆಕ್ಸೈಡ್ ಬುದ್ಧಿಯನ್ನು ಮಂಕು ಮಾಡುವುದೇ ಇಲ್ಲವೇ? 2012ರಲ್ಲಿ ಉಷಾ ಸತೀಶ್ ಮತ್ತು ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸಂಗಡಿಗರು 22 ಜನರನ್ನು 600, 1,000 ಮತ್ತು 2,500 ಭಾಗದ ಗಾಳಿಯಲ್ಲಿ ಕೂರಿಸಿ ಪರೀಕ್ಷಿಸಿದರು. ಪ್ರಮಾಣ ಏರಿದಂತೆ ನಿರ್ಧಾರ ಕೈಗೊಳ್ಳುವ ಸಾಮರ್ಥ್ಯದ ಅಂಕಗಳು ಇಳಿದವು. ಆಮೇಲಿನ ಪ್ರಯೋಗಗಳೆಲ್ಲ ಒಂದೇ ಉತ್ತರ ಕೊಟ್ಟಿಲ್ಲ. ಆದ್ದರಿಂದ ನಾವು ಹೇಳಬಹುದಾದದ್ದು ಇಷ್ಟು: ಗಾಳಿಯಾಡದ ಕೋಣೆ ಕಲಿಕೆಗೆ ಒಳ್ಳೆಯದಲ್ಲ, ಅದರ ಹೊಣೆಯನ್ನು ಒಂದೇ ಅನಿಲದ ಮೇಲೆ ಹೊರಿಸಲಾಗದು.

ಗಾಳಿ ಒಂದೇ ಅಲ್ಲ

ಹೊಸ ಬಣ್ಣ, ಅಂಟು, ಪ್ಲೈವುಡ್ ಬೀರುಗಳಿಂದ ಫಾರ್ಮಾಲ್ಡಿಹೈಡ್‌ನಂಥ ಆವಿಗಳು ವಾರಗಟ್ಟಲೆ ಬರುತ್ತಿರುತ್ತವೆ. ಕಣ್ಣು ಮೂಗು ಉರಿಯಲು ಅಷ್ಟು ಸಾಕು. ಚಾವಣಿ ಸೋರಿ ಗೋಡೆಗೆ ಬೂಷ್ಟು ಹಿಡಿದರೆ ಅಲರ್ಜಿ, ಕೆಮ್ಮು. ಬಿಸಿಲಿಗೆ ಕಾದ ಚಾವಣಿಯ ಕೆಳಗಿನ ಸೆಕೆಯೊಂದೇ ಗಮನವನ್ನು ಕೆಡಿಸುತ್ತದೆ. ಮಿನುಗುವ ಟ್ಯೂಬ್‌ಲೈಟ್, ಹಲಗೆಯ ಮೇಲಿನ ಪ್ರತಿಫಲನ, ನಿಲ್ಲದೆ ಗುಂಯ್ಗುಡುವ ಪ್ರೊಜೆಕ್ಟರ್ ಇವೂ ತಲೆನೋವು ತರಬಲ್ಲವು. ಪ್ರಯೋಗಾಲಯದಲ್ಲಿ ಮುಚ್ಚಳ ಸರಿಯಾಗಿ ಕೂರದ ಅಮೋನಿಯಾ ಬಾಟಲಿ, ಬೀರುವಿನೊಳಗಿನ ನುಸಿಗುಳಿಗೆ, ಫಿನೈಲ್, ವಾಸನೆ ಮುಚ್ಚಲು ಸಿಂಪಡಿಸುವ ಸ್ಪ್ರೇಗಳನ್ನೂ ಮರೆಯುವಂತಿಲ್ಲ.

ಇನ್ನೊಂದು ಕಾರಣ ಮನಸ್ಸಿನದು. ತಮ್ಮ ಕೆಲಸದ ಮೇಲೆ, ತಾವು ಕೂರುವ ಜಾಗದ ಮೇಲೆ ಹಿಡಿತವಿಲ್ಲದವರಲ್ಲಿ ಇಂಥ ತೊಂದರೆ ಹೆಚ್ಚು ಎಂದು ಕಚೇರಿಗಳ ಅಧ್ಯಯನಗಳು ತೋರಿಸಿವೆ. ಅದರರ್ಥ ನೋವು ಸುಳ್ಳು ಎಂದಲ್ಲ. ಕಿಟಕಿ ತೆಗೆಯಲು ಅನುಮತಿ ಕೇಳಬೇಕಾದವರಿಗೆ ಸೆಕೆ ಹೆಚ್ಚು ಕಾಡುತ್ತದೆ ಎಂದರ್ಥ. ಶಾಲೆಯಲ್ಲಿ ಅಂಥವರು ಯಾರು? ಮಕ್ಕಳು. ಅವರ ನಂತರ, ಕೆಲವೇ ವಾರಗಳಿಗೆ ಬಂದ ಪ್ರಶಿಕ್ಷಣಾರ್ಥಿಗಳು. ಆ ದಿನ ನಾನೂ ಕಿಟಕಿಯ ಹಗ್ಗ ನೋಡಿದ್ದೆ. ‘ಬೇರೆಯವರ ಶಾಲೆ, ನಮಗ್ಯಾಕೆ’ ಎಂದು ಸುಮ್ಮನಿದ್ದೆ.

ಮೂರನೆಯ ಪ್ರನಾಳ

ಉಸಿರಾಟದ ಪಾಠದಲ್ಲಿ ಬರುವ ಸುಣ್ಣದ ತಿಳಿನೀರಿನ ಚಟುವಟಿಕೆ ನಮಗೆಲ್ಲ ಗೊತ್ತು. ಒಂದು ಪ್ರನಾಳಕ್ಕೆ ನಮ್ಮ ಉಸಿರು, ಇನ್ನೊಂದಕ್ಕೆ ಸಿರಿಂಜಿನಿಂದ ಗಾಳಿ. ಯಾವುದು ಬೇಗ ಹಾಲಿನಂತಾಗುತ್ತದೆ ಎಂದು ನೋಡುವುದು. ಸಹಕಾರಿ ಶಿಕ್ಷಕರ ಅನುಮತಿ ಪಡೆದು ನಾನು ಮೂರನೆಯ ಪ್ರನಾಳ ಸೇರಿಸಿದೆ: ಅವಧಿಯ ಕೊನೆಯಲ್ಲಿ ಮುಚ್ಚಿದ ಕೋಣೆಯ ಗಾಳಿಗೆ ಒಂದು, ಹೊರಗೆ ಮರದ ಕೆಳಗಿನ ಗಾಳಿಗೆ ಒಂದು, ಉಸಿರಿಗೆ ಒಂದು.

ಎಲೆ ಅಡಿಕೆಯ ಸುಣ್ಣವನ್ನು ನೀರಿಗೆ ಹಾಕಿ ಕಲಕಿ, ಮುಚ್ಚಿಟ್ಟು, ಮರುದಿನ ಮೇಲಿನ ತಿಳಿಯನ್ನು ಸೋಸಿಕೊಂಡೆವು. ಪ್ರತಿ ಪ್ರನಾಳಕ್ಕೂ ಒಂದೇ ಅಳತೆ, ಸ್ವಲ್ಪವೇ ತಿಳಿ ಹಾಕಿದೆವು. 50 ಮಿ.ಲೀ. ಸಿರಿಂಜಿನಿಂದ ಮಕ್ಕಳೇ ಎಣಿಸುತ್ತ ಗಾಳಿ ಹಾಯಿಸಿದರು. ಉಸಿರಿಗೆ ಕ್ಷಣವೂ ಬೇಕಾಗಲಿಲ್ಲ. ಕೋಣೆಯ ಗಾಳಿಗೆ ಮಸುಕಾಗುವುದು ಕಾಣಿಸಿತು. ಮರದಡಿಯ ಗಾಳಿಗೆ ಸರದಿಯ ಮೇಲೆ ಒತ್ತಿದರೂ ಕೈ ಸೋತವು, ತಿಳಿ ತಿಳಿಯಾಗಿಯೇ ಇತ್ತು. ಎಚ್ಚರಿಕೆ ಎರಡು: ತಿಳಿನೀರನ್ನು ಯಾರೂ ನಳಿಕೆಯಲ್ಲಿ ಹೀರಬಾರದು, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಇದು ಅಳತೆಯಲ್ಲ, ಹೋಲಿಕೆ ಮಾತ್ರ. ಆದರೂ ಪುಸ್ತಕದ ಪಾಠ ತಾವು ಕುಳಿತ ಬೆಂಚಿಗೇ ಬಂತಲ್ಲ ಎಂದು ಮಕ್ಕಳ ಮುಖದಲ್ಲಿ ಕಂಡಿತು.

ಚರ್ಚೆಯಲ್ಲಿ ಒಬ್ಬ ಹುಡುಗಿ ಎದ್ದು, “ಮಿಸ್, ನಮ್ಮಮ್ಮ ಗಾರ್ಮೆಂಟ್ಸಿಗೆ ಹೋಗ್ತಾರೆ. ಅವರಿಗೂ ಸಂಜೆ ಹಿಂಗೇ ತಲೆನೋವು. ಮನೆಗೆ ಬಂದ್ಮೇಲೆ ಹೋಗುತ್ತೆ” ಎಂದಳು. ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮರುದಿನ ಕಾನೂನು ನೋಡಿಕೊಂಡು ಹೋದೆ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 13ನೆಯ ಪ್ರಕರಣ ಗಾಳಿಯಾಟ ಮತ್ತು ತಾಪಮಾನದ ಬಗ್ಗೆ, 16ನೆಯ ಪ್ರಕರಣ ಜನದಟ್ಟಣೆಯ ಬಗ್ಗೆ ಹೇಳುತ್ತಿತ್ತು. ಕಾಯ್ದೆ ಬಂದ ಮೇಲೆ ಕಟ್ಟಿದ ಕಾರ್ಖಾನೆಯಲ್ಲಿ ಒಬ್ಬ ಕಾರ್ಮಿಕರಿಗೆ ಕನಿಷ್ಠ 14.2 ಘನ ಮೀಟರ್ ಜಾಗ ಇರಬೇಕಿತ್ತು. ನೆಲದಿಂದ 4.2 ಮೀಟರಿಗಿಂತ ಮೇಲಿನ ಜಾಗವನ್ನು ಆ ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ.

ಮಕ್ಕಳು ತಾವೇ ಭಾಗಾಕಾರ ಮಾಡಿದರು. 108 ಘನ ಮೀಟರಿನಲ್ಲಿ 46 ಜನ: ತಲೆಗೆ 2.35. ಕಾರ್ಖಾನೆಯ ಅಳತೆ ನಮಗೂ ಬೇಕೆಂದರೆ ಅಂಥ ಆರು ಕೋಣೆ ಬೇಕು. ಶಾಲೆ ಕಾರ್ಖಾನೆಯಲ್ಲ, ಆ ಕಾಯ್ದೆ ನಮಗೆ ಅನ್ವಯಿಸುತ್ತಲೂ ಇರಲಿಲ್ಲ. ಆದರೆ ಜಾಗ ಇಷ್ಟು ಕಡಿಮೆ ಇರುವಲ್ಲಿ ಕಿಟಕಿಯೇ ಆಧಾರ ಎಂಬುದು ಆ ಸಂಖ್ಯೆಯಿಂದ ಎಲ್ಲರಿಗೂ ಅರ್ಥವಾಯಿತು.

ನಾವು ಏನು ಮಾಡಬಹುದು?

ಒಬ್ಬರಿಗೆ ಸೆಕೆಂಡಿಗೆ 7 ಲೀಟರ್ ಹೊರಗಾಳಿ ಸಿಕ್ಕರೆ ಕಾರ್ಬನ್ ಡೈಆಕ್ಸೈಡ್ 1,000ದ ಆಸುಪಾಸಿನಲ್ಲಿ ನಿಲ್ಲುತ್ತದೆ. 46 ಜನಕ್ಕೆ 322 ಲೀಟರ್. ಒಂದು ಚದರ ಮೀಟರ್ ತೆರೆದ ಕಿಟಕಿಯಲ್ಲಿ ಗಾಳಿ ಸೆಕೆಂಡಿಗೆ 0.3 ಮೀಟರ್, ಅಂದರೆ ನಾವು ನಡೆಯುವ ವೇಗದ ಕಾಲುಭಾಗದಲ್ಲಿ ಬಂದರೂ ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ. ಅಂದರೆ ಪರಿಹಾರಕ್ಕೆ ಹಣ ಬೇಕಿಲ್ಲ. ಬಂದ ಗಾಳಿ ಹೊರಹೋಗಲು ಎದುರು ಬದಿಯಲ್ಲಿ ಇನ್ನೊಂದು ಕಿಟಕಿಯೋ ಬಾಗಿಲೋ ತೆರೆದಿರಬೇಕು, ಅಷ್ಟೇ.

1. ಅವಧಿ ಬದಲಾಗುವಾಗ ಐದು ನಿಮಿಷ ಎಲ್ಲ ಕಿಟಕಿ ಬಾಗಿಲು ತೆರೆಯಿರಿ. ವಿಡಿಯೋ ತೋರಿಸುವಷ್ಟು ಹೊತ್ತು ಮಾತ್ರ ಕರ್ಟನ್ ಎಳೆಯಿರಿ.
2. ರಸ್ತೆ ಕಡೆ ಧೂಳಿದ್ದರೆ ಅಂಗಳದ ಕಡೆಯ ಕಿಟಕಿ ಮತ್ತು ಬಾಗಿಲು ತೆರೆಯಿರಿ. ಕೋತಿಗೆ ಕಬ್ಬಿಣದ ಜಾಲರಿ ಸಾಕು.
3. ಫ್ಯಾನ್ ಗಾಳಿಯನ್ನು ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಸಾಮಾನ್ಯ ಸ್ಪ್ಲಿಟ್ ಎ.ಸಿ.ಯೂ ಒಳಗಿನ ಗಾಳಿಯನ್ನೇ ತಂಪು ಮಾಡುತ್ತದೆ. ಮೇಜಿನ ಮೇಲಿನ ಎರಡು ಕುಂಡಗಳು 46 ಮಕ್ಕಳ ಉಸಿರಿಗೆ ಸಾಟಿಯಲ್ಲ.
4. ಒಂದೇ ತರಗತಿಯನ್ನು ಸ್ಮಾರ್ಟ್ ಕ್ಲಾಸಿನಲ್ಲಿ ಸತತ ಎರಡು ಅವಧಿ ಕೂರಿಸಬೇಡಿ.
5. ಬಣ್ಣ, ವಾರ್ನಿಷ್ ಕೆಲಸ ಬೇಸಿಗೆ ರಜೆಯಲ್ಲಿ ಆಗಲಿ. ಕಸ ಗುಡಿಸುವುದು ಮಕ್ಕಳು ಬರುವ ಮೊದಲೇ ಆಗಲಿ.

ಎಲ್ಲವನ್ನೂ ಕೋಣೆಯ ಮೇಲೆ ಹೊರಿಸುವ ತಪ್ಪನ್ನೂ ಮಾಡಬಾರದು. ಕಿಟಕಿ ತೆರೆದ ಮೇಲೂ ಒಬ್ಬ ಹುಡುಗಿಗೆ ತಲೆನೋವು ಹೋಗಲಿಲ್ಲ, ಮನೆಯಲ್ಲೂ ಇತ್ತು. ಮೂರನೆಯ ಗುರುತು ಅವಳಿಗೆ ಹೊಂದಲಿಲ್ಲ. ಮನೆಯವರಿಗೆ ಹೇಳಿ ಕಣ್ಣು ಪರೀಕ್ಷೆ ಮಾಡಿಸಿದಾಗ ಕನ್ನಡಕ ಬೇಕಿತ್ತು. ಬೆಳಿಗ್ಗೆ ಉಪವಾಸ ಬಂದ ಮಗು, ರಕ್ತಹೀನತೆಯ ಮಗು, ರಾತ್ರಿ ನಿದ್ದೆ ಇಲ್ಲದ ಮಗು ಯಾವ ಕೋಣೆಯಲ್ಲೂ ಮಂಕಾಗಿಯೇ ಇರುತ್ತದೆ. ಜಾಗ ಬದಲಿಸಿ ನೋಡುವುದರಿಂದ ಅಂಥ ಮಕ್ಕಳೂ ಬೇರೆಯಾಗಿ ಕಾಣುತ್ತಾರೆ.

ಕೊನೆಯದಾಗಿ

ಮುಖ್ಯ ಶಿಕ್ಷಕರ ಹತ್ತಿರ ಹೋಗಿ ಮಕ್ಕಳ ಲೆಕ್ಕ ತೋರಿಸಿದೆ. ಬೈಯಬಹುದೆಂದುಕೊಂಡಿದ್ದೆ. “ಜಾಲರಿ ಹಾಕ್ಸೋಣಮ್ಮ, ಅಲ್ಲಿವರೆಗೂ ಯಾರಾದ್ರೂ ಇದ್ದಾಗ ತೆಗೀರಿ” ಎಂದರು. ಹಗ್ಗ ಬಿಚ್ಚಿದ್ದು ಹಿಂದಿನ ಮೂಲೆಯ ಆ ಹುಡುಗನೇ. ಕೋಣೆಯಲ್ಲಿ ಗಾಳಿ ಅತ್ಯಂತ ಕಡಿಮೆ ಆಡುತ್ತಿದ್ದುದು ಅವನ ಮೂಲೆಯಲ್ಲಿ. ಅಂದು ಅವನನ್ನು ನಿಲ್ಲಿಸಿದ್ದಕ್ಕೆ ಕ್ಷಮೆ ಕೇಳಿದೆ. ಅವನು ನಕ್ಕು, “ಇರ್ಲಿ ಬಿಡಿ ಮಿಸ್” ಎಂದ.

ಅವನು ಆಮೇಲೆ ಎಂದೂ ತೂಕಡಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಪಾಠದಲ್ಲೂ ತಿದ್ದಿಕೊಳ್ಳಬೇಕಾದದ್ದು ಇತ್ತು. ಆ ದಿನ ಹದಿನೈದು ನಿಮಿಷ ನಾನೊಬ್ಬಳೇ ಮಾತಾಡಿದ್ದೆ. ಆದರೆ ಪಾಠದ ದೋಷ ಎಷ್ಟು, ಕೋಣೆಯ ದೋಷ ಎಷ್ಟು ಎಂದು ಬಿಡಿಸಿ ನೋಡದೆ ತಿದ್ದಿಕೊಳ್ಳುವುದಾದರೂ ಹೇಗೆ?

ಆದ್ದರಿಂದ ನಮ್ಮ ಉಪನ್ಯಾಸಕರಲ್ಲಿ ಒಂದು ಕೋರಿಕೆ. ವೀಕ್ಷಣಾ ಪುಸ್ತಕದ ಮೇಲ್ಭಾಗದಲ್ಲಿ ತರಗತಿ, ವಿಷಯ, ದಿನಾಂಕದ ಜೊತೆ ಇನ್ನೊಂದು ಸಾಲು ಇರಲಿ: ಮಕ್ಕಳ ಸಂಖ್ಯೆ, ತೆರೆದ ಕಿಟಕಿಗಳು, ಕೋಣೆಯ ಉಷ್ಣತೆ. ಪ್ರಯೋಗಾಲಯದ ಥರ್ಮಾಮೀಟರ್ ಇದ್ದರೆ ಅದನ್ನು ತುಂಬಲು ಅರ್ಧ ನಿಮಿಷ ಸಾಕು. ಸಹ ಪ್ರಶಿಕ್ಷಣಾರ್ಥಿಗಳಲ್ಲಿ ಕೋರುವುದೂ ಅದನ್ನೇ. ಹಾಜರಿ ಕೂಗುವ ಮೊದಲು ಒಮ್ಮೆ ಕಿಟಕಿಗಳ ಕಡೆ ನೋಡಿ.